ಬದಲಾವಣೆ ಏನಾದರೂ ಉಂಟೆ?

ಥಾರ್ನ್‌ಬರಿ, ಕನೆಕ್ಟಿಕಟ್
17 ಜನವರಿ 2010

ಪ್ರೀತಿಯ ದೊಡ್ಡಮ್ಮ,

ಶುಕ್ರವಾರ ನಮ್ಮ ವಿಡಿಯೊ ಹೊರಬಿತ್ತು. ನೋಡಿದೆಯಾ? ಇಲ್ಲದಿದ್ದರೆ ಶಾಲೆಯ ಕಂಪ್ಯೂಟರಿನಲ್ಲಿ ನೋಡು. ನಿಮ್ಮಲ್ಲಿ ನಿಧಾನವಾಗಿ ಬರುತ್ತದೆ, ಚಹಾಕ್ಕೆ ನೀರಿಟ್ಟು ಕೂತರೆ ನೀರು ಕುದಿಯುವಷ್ಟರಲ್ಲಿ ಶುರುವಾದೀತು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳಿ ಇಟ್ಟುಬಿಡುತ್ತೀಯ.

ವಿಶ್ವವಿದ್ಯಾಲಯಗಳ ಪ್ರವೇಶ ಕಚೇರಿಗಳು ಮಾಡಿಸುವ ವಿಡಿಯೊಗಳು ನಿನಗೆ ಗೊತ್ತಲ್ಲ. ಕೆಂಪು ಎಲೆಗಳು, ಒಂದು ಗಂಟೆ ಗೋಪುರ, ಹುಲ್ಲಿನ ಮೇಲೆ ಕೂತು ಪುಸ್ತಕ ನೋಡಿ ನಗುವ ಮೂವರು. ನಮ್ಮ ಡೀನ್ ಮಿಸೆಸ್ ವಿಟೇಕರ್‌ಗೆ ಅದು ಸಾಕಾಗಿತ್ತು. ಮಕ್ಕಳು ನಗುವ ಹಾಗೆ ಏನಾದರೂ ಮಾಡು ಎಂದರು. ಮಾಡಿದೆ. ಹಾಡು ಬರೆದವನೂ ನಾನೇ, ಹಾಡಿದವನೂ ನಾನೇ. ಕ್ಯಾಂಪಸ್ ತೋರಿಸುವವರು ಬಂದವರ ಕಡೆಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುವುದು ಇಲ್ಲಿನ ರೂಢಿ. ನಾನು ಹನ್ನೊಂದು ನಿಮಿಷವೂ ಹಾಗೇ ಹಿಂದೆ ನಡೆಯುತ್ತ ಹಾಡಿದ್ದೇನೆ. ಅಡುಗೆಯವರು ಬಾಣಲೆ ಬಡಿದಿದ್ದಾರೆ, ಗ್ರೀಕ್ ಪ್ರಾಧ್ಯಾಪಕರು ಊಟದ ಮೇಜಿನ ಮೇಲೆ ಕುಣಿದಿದ್ದಾರೆ. ಕೊನೆಗೆ ನಾನು ಬೆನ್ನು ಕೆಳಗಾಗಿ ಕಾರಂಜಿಯ ಕೊಳಕ್ಕೆ ಬೀಳುತ್ತೇನೆ. ಬೀಳಬೇಕೆಂದು ಮೊದಲೇ ಗೊತ್ತಿತ್ತು, ನೀರು ಅಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.

ಎರಡು ದಿನದಲ್ಲಿ ಎರಡು ಲಕ್ಷ ಜನ ನೋಡಿದ್ದಾರೆ. ಅರ್ಧ ಜನ ಬೈದಿದ್ದಾರೆ. ‘ಮುನ್ನೂರು ವರ್ಷದ ಮಾನ, ಹನ್ನೊಂದು ನಿಮಿಷದಲ್ಲಿ’ ಎಂದು ನಮ್ಮದೇ ವಿದ್ಯಾರ್ಥಿಗಳ ಪತ್ರಿಕೆ ತಲೆಬರಹ ಕೊಟ್ಟಿದೆ. ಡೀನ್ ನಗುನಗುತ್ತಲೇ ಇದ್ದಾರೆ. ನನಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗಿದೆ.

ಇನ್ನು ನಿನ್ನ ವಿದ್ಯಾರ್ಥಿನಿ ಕೆಲ್ಸಿ ಬೀಲ್. ಅವಳ ಅರ್ಜಿ ಬಂದಿದೆ, ಅಷ್ಟು ಹೇಳಬಹುದು. ನಿನ್ನ ಶಾಲೆಯಿಂದ ಇಲ್ಲಿಗೆ ಒಬ್ಬಳಾದರೂ ಬರಬೇಕೆಂದು ನಿನಗೆಷ್ಟು ಆಸೆಯೋ ನನಗೂ ಅಷ್ಟೇ ಆಸೆ. ಆದರೆ ಒಪ್ಪಂದ ನೆನಪಿರಲಿ. ಏಪ್ರಿಲ್ ತನಕ ಅವಳ ವಿಷಯ ನೀನು ಬರೆಯಬಾರದು, ನಾನು ಕೇಳಬಾರದು. ಅವಳ ಫೈಲು ನನ್ನ ಮೇಜಿಗೆ ಬರುವುದಿಲ್ಲ, ಚಿಂತೆ ಬೇಡ.

ವಿಡಿಯೊ ಹೇಗಿತ್ತು, ಬರೆ.

ನಿನ್ನ ಈಬನ್


ಟಾರ್ಬೆಲ್ ದ್ವೀಪ, ಮೇನ್
29 ಜನವರಿ 2010

ಈಬನ್,

ನಿನ್ನ ಕಾಗದ ಮಂಗಳವಾರದ ದೋಣಿಗೆ ಬಂತು. ಅದರ ಹಿಂದಿನ ಶನಿವಾರ ಗಾಳಿ ಎದ್ದು ಅಂಚೆ ದೋಣಿ ಅರ್ಧ ದಾರಿಯಿಂದಲೇ ವಾಪಸಾಯಿತು. ಬಂದರಿನ ಒಳಬದಿ ಮಂಜುಗಟ್ಟಿದೆ. ಶಾಲೆಯ ಒಲೆ ಮತ್ತೆ ಹೊಗೆ ಉಗುಳುತ್ತಿದೆ. ಚಿಕ್ಕ ಮಕ್ಕಳಿಗೆ ಹೊಸ ಟೀಚರ್ ಬಂದಿದ್ದಾಳೆ, ಹೊಸ ವರ್ಷದ ಮರುದಿನ ಬಂದವಳು ಇನ್ನೂ ಕೋಟು ತೆಗೆದಿಲ್ಲ.

ವಿಡಿಯೊ ನೋಡಿದೆ. ನೀನು ಕೋಟಿನ ಗುಂಡಿ ಹಾಕಿಕೊಂಡಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ನಿನಗೆ ನ್ಯುಮೋನಿಯ ಆಗಿತ್ತು, ಮರೆತಿರಬೇಕು.

ಅಂಗಡಿಯಲ್ಲೂ ಎಲ್ಲರೂ ನೋಡಿದರು. ಆರ್ವಿಲ್ ಥರ್ಲೋ ಏನೋ ಅಂದ. ಎಪ್ಪತ್ತು ವರ್ಷದಿಂದ ಲಾಬ್‌ಸ್ಟರ್ ಸೀಗಡಿ ಹಿಡಿಯುವ ಬೋನಿಗಿಂತ ಹೆಚ್ಚು ಬಾಯಿ ತೆಗೆದಿಟ್ಟುಕೊಂಡವನು, ಅವನು ಏನಾದರೂ ಅನ್ನದ ದಿನ ಯಾವುದಿದೆ. ನನಗೆ ಕೆಲಸವಿತ್ತು, ಮನೆಗೆ ಬಂದೆ. ಮಧ್ಯವರ್ಷದ ವರದಿಗಳನ್ನೆಲ್ಲ ತುಂಬಿ ಮುಗಿಸಿದ್ದೇನೆ, ನಾಳೆಯ ದೋಣಿಗೆ ಹೋಗುತ್ತವೆ.

ಯಾರ ವಿಷಯ ಬರೆಯಬಾರದೋ ಅವಳ ವಿಷಯ ಬರೆಯುತ್ತಿಲ್ಲ. ಅವಳು ಬರೆಯಬಾರದಷ್ಟು ಚೆನ್ನಾಗಿದ್ದಾಳೆ.

ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ.

ದೊಡ್ಡಮ್ಮ


ಥಾರ್ನ್‌ಬರಿ
8 ಫೆಬ್ರವರಿ 2010

ಪ್ರೀತಿಯ ದೊಡ್ಡಮ್ಮ,

ಕಾಲುಚೀಲ ಬಂತು. ಹಾಕಿಕೊಂಡೇ ಬರೆಯುತ್ತಿದ್ದೇನೆ.

ಹನ್ನೊಂದು ನಿಮಿಷದಲ್ಲಿ ನಿನಗೆ ಕಂಡದ್ದು ಬರೀ ಗುಂಡಿಯೆ? ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ನೀನು, ನಿನ್ನ ಮೌನದಲ್ಲಿ ಎಷ್ಟು ಬಗೆ ಇದೆ ಎಂದು ನನಗೆ ಗೊತ್ತು. ಇದು ಯಾವ ಬಗೆಯದೋ ತಿಳಿಯುತ್ತಿಲ್ಲ.

ಇಲ್ಲಿ ದಿನಾ ಒಂದು ಚೀಲ ಕಾಗದ ಬರುತ್ತದೆ. ಉತ್ತರ ಬರೆಯುವ ಕೆಲಸ ನನಗೇ. ಮಾಡಿದ್ದುಣ್ಣೋ ಮಹಾರಾಯ ಎಂದು ಕಚೇರಿಯವರ ತಮಾಷೆ. ಹಳೆಯ ವಿದ್ಯಾರ್ಥಿಯೊಬ್ಬರು ಐವತ್ತು ವರ್ಷ ಕಟ್ಟಿಕೊಂಡ ವಿಶ್ವವಿದ್ಯಾಲಯದ ಟೈಯನ್ನು ಮಡಿಸಿ ವಾಪಸ್ ಕಳಿಸಿದ್ದಾರೆ. ಓಹಾಯೊದ ಹುಡುಗಿಯೊಬ್ಬಳು ನಮ್ಮ ಅಡುಗೆಯವರ ಹೆಸರು ಕೇಳಿದ್ದಾಳೆ, ಅವಳ ಕಾಗದವನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಟಿವಿಯ ಹಾಸ್ಯದವನೊಬ್ಬ ನನ್ನ ಹಾಗೆ ಹಿಂದೆ ನಡೆದು ತೋರಿಸಿದ. ಮೊನ್ನೆ ಕಾಫಿಗೆ ನಿಂತಿದ್ದಾಗ ನನ್ನ ಹಿಂದಿದ್ದವರು ಹಾಗೇ ಹಿಂದೆ ನಡೆದರು. ನಾನೂ ನಕ್ಕೆ, ನಗದೆ ಇದ್ದರೆ ಇನ್ನೂ ಕಷ್ಟ.

ಆಡಳಿತ ಮಂಡಳಿ ಮಾರ್ಚಿನಲ್ಲಿ ಸೇರುತ್ತದೆ. ಅರ್ಜಿಗಳು ಕಡಿಮೆಯಾಗಿದ್ದರೆ ತಪ್ಪು ಯಾರ ತಲೆಗೆ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ನಾಲ್ಕು ದಿನದಿಂದ ಸರಿಯಾಗಿ ಊಟ ಸೇರಿಲ್ಲ. ಊರಿನ ಯಾರು ಏನಂದರೂ ಪರವಾಗಿಲ್ಲ. ನೀನು ಏನನ್ನುತ್ತೀಯ?

ಈಬನ್


ಥಾರ್ನ್‌ಬರಿ
21 ಫೆಬ್ರವರಿ 2010

ದೊಡ್ಡಮ್ಮನಿಗೆ,

ನಿನ್ನ ಅಭಿಪ್ರಾಯ ತಿಳಿಯಿತು. ನನಗೇ ನೇರವಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೆಲಸ ಬಹಳ ಇದೆ. ಸ್ವಲ್ಪ ದಿನ ಬರೆಯಲಾಗುವುದಿಲ್ಲ.

ಈಬನ್


ಟಾರ್ಬೆಲ್ ದ್ವೀಪ
27 ಫೆಬ್ರವರಿ 2010

ಈಬನ್,

ಮೂರು ಸಾಲಿನ ಕಾಗದ ಬರೆಯುವ ಹುಡುಗನನ್ನು ನಾನು ಬೆಳೆಸಿಲ್ಲ. ಏನಾಗಿದೆ? ಕೆಲಸ ಹೋಯಿತೆ? ಮೈ ಹುಷಾರಿಲ್ಲವೆ? ನಿನ್ನೆ ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ನನ್ನ ಯಾವ ಅಭಿಪ್ರಾಯ ನಿನಗೆ ತಿಳಿಯಿತು? ಆರ್ವಿಲ್‌ನ ಹೆಂಡತಿ ಫೋನಿನಲ್ಲಿ ಊದಿರಬೇಕು. ಹೌದು, ಆ ದಿನ ಅಂಗಡಿಯಲ್ಲಿ ಹಾಲಿನ ಬಾಟಲಿಯನ್ನು ಕಟ್ಟೆಯ ಮೇಲೇ ಬಿಟ್ಟು ಎದ್ದು ಬಂದೆ. ಅದಕ್ಕೆ ನೀನು ಏನು ಅರ್ಥ ಮಾಡಿಕೊಂಡೆಯೋ. ನಾನು ಅಲ್ಲೇ ಕೂತಿದ್ದರೆ ಆಡಬಾರದ್ದು ಆಡುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಮ್ಮ ಒಪ್ಪಂದ ಮುರಿದು ಒಂದು ಮಾತು ಬರೆಯುತ್ತೇನೆ. ಅವಳು ಪ್ರತಿ ದೋಣಿಗೂ ಹೋಗಿ ಬಂದರಿನ ಕಟ್ಟೆಯ ಮೇಲೆ ನಿಲ್ಲುತ್ತಾಳೆ. ಏಪ್ರಿಲ್‌ಗೆ ಮುಂಚೆ ಏನೂ ಬರುವುದಿಲ್ಲ ಎಂದರೂ ಕೇಳುವುದಿಲ್ಲ. ಬೇರೆ ಎಲ್ಲಿಗೂ ಅರ್ಜಿ ಹಾಕಿಲ್ಲ ಎಂದು ನಿನ್ನೆ ಬಾಯಿಬಿಟ್ಟಳು. ಎರಡು ಕಡೆಯಾದರೂ ಹಾಕು ಎಂದು ಡಿಸೆಂಬರಿನಲ್ಲಿ ಬಡಿದುಕೊಂಡಿದ್ದೆ. ನೀನು ನವೆಂಬರಿನಲ್ಲಿ ಬಂದು ಮಾತಾಡಿದ್ದೇ ಅವಳ ತಲೆಯಲ್ಲಿ ಕೂತಿದೆ. ಥಾರ್ನ್‌ಬರಿ ಇಲ್ಲ ಎಂದರೆ ಈ ವರ್ಷ ಅವಳಿಗೆ ಓದಿಲ್ಲ.

ಒಂದು ಸಾಲಾದರೂ ಬರೆ. ಊಟ ಮಾಡುತ್ತಿದ್ದೇನೆ ಎಂದಾದರೂ ಬರೆ.

ದೊಡ್ಡಮ್ಮ


ಥಾರ್ನ್‌ಬರಿ
4 ಮಾರ್ಚ್ 2010, ತುರ್ತು ಅಂಚೆ

ದೊಡ್ಡಮ್ಮ,

ಇದನ್ನು ಕೂತು ಓದು.

ಕೆಲ್ಸಿಯ ಫೈಲು ನನ್ನ ಮೇಜಿಗೆ ಬರುವುದಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಮೇನ್ ರಾಜ್ಯದ ಫೈಲುಗಳನ್ನು ಓದಿ ಸಮಿತಿಗೆ ಒಪ್ಪಿಸುವವನು ನಾನೇ. ಸೆಪ್ಟೆಂಬರಿನಲ್ಲಿ ನಮಗೊಂದು ಫಾರಂ ಕೊಡುತ್ತಾರೆ. ನಿಮ್ಮ ಪಾಲಿನ ಶಾಲೆಗಳಲ್ಲಿ ಸಂಬಂಧಿಕರಿದ್ದಾರೆಯೇ ಎಂದು ಅದರಲ್ಲಿ ಕೇಳಿರುತ್ತದೆ. ಇಲ್ಲ ಎಂದು ಬರೆದೆ. ನಿನ್ನ ಹೆಸರು ಬರೆದಿದ್ದರೆ ಮೇನನ್ನು ನನ್ನಿಂದ ತೆಗೆದು, ದ್ವೀಪವನ್ನೇ ನೋಡದ ಇನ್ನೊಬ್ಬನಿಗೆ ಕೊಡುತ್ತಿದ್ದರು. ಹನ್ನೆರಡು ಮಕ್ಕಳ ಶಾಲೆ ಎಂದರೆ ಏನೆಂದು ಅವನಿಗೆ ಹೇಗೆ ತಿಳಿದೀತು ಎಂದುಕೊಂಡೆ. ಕೆಲ್ಸಿಗೆ ನಾನೇ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ನಿನ್ನ ಮನೆತನದ ಹೆಸರು ಬೇರೆ ಬೇರೆಯಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಫೆಬ್ರವರಿ ಇಪ್ಪತ್ತಕ್ಕೆ ಅವಳ ಫೈಲು ಬಿಚ್ಚಿದೆ. ಮೇಲೇ ನಿಮ್ಮ ಶಾಲೆಯ ಮಧ್ಯವರ್ಷದ ವರದಿ ಇತ್ತು, ನಿನ್ನ ಕೈಬರಹ. ಅಂಕಗಳ ಕೆಳಗೆ ಒಂದು ಚೌಕ ಇರುತ್ತದಲ್ಲ, ‘ಅರ್ಜಿ ಸಲ್ಲಿಸಿದ ಮೇಲೆ ಬದಲಾವಣೆ ಏನಾದರೂ ಉಂಟೆ?’ ಎಂದು. ಅದರಲ್ಲಿ ನೀನು ಬರೆದಿದ್ದೆ: ‘ಹುಡುಗಿಯಲ್ಲಿ ಇಲ್ಲ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಉಂಟು. ಗಂಭೀರವಾದ ಜಾಗ ಎಂದು ನಂಬಿದ್ದೆ. ಸರ್ಕಸ್ಸು ಎಂದು ಈಗ ತಿಳಿಯಿತು. ಹನ್ನೊಂದು ನಿಮಿಷ ಒಬ್ಬ ಕೋಡಂಗಿಯನ್ನು ನೋಡಿದೆ.’

ಅಲ್ಲಿಗೆ ಓದುವುದು ನಿಲ್ಲಿಸಿದೆ. ಹಾಳೆ ತಿರುಗಿಸಲಿಲ್ಲ. ಮರುದಿನ ನಿನಗೆ ಆ ಮೂರು ಸಾಲು ಬರೆದೆ.

ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಒಂಬತ್ತು ದಿನ ಓಡಾಡಿದೆ. ಹರಿದು ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಫೈಲಿನಲ್ಲೇ ಬಿಟ್ಟರೆ ಸಮಿತಿಯ ಮುಂದೆ ನಾನೇ ಓದಬೇಕು, ನಮ್ಮನ್ನು ಇಷ್ಟು ಬೈಯುವ ಶಾಲೆಯ ಹುಡುಗಿಗೆ ಯಾರು ಕೈ ಎತ್ತುತ್ತಾರೆ? ಹರಿದರೆ ಕಳ್ಳನಾಗುತ್ತೇನೆ. ಕಚೇರಿಯಲ್ಲಿ ಯಾರಾದರೂ ನನ್ನ ಹೆಸರು ಕರೆದರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು. ಅಷ್ಟರಲ್ಲಿ ನಿನ್ನ ಕಾಗದ ಬಂತು. ಅವಳು ಬೇರೆ ಎಲ್ಲಿಗೂ ಅರ್ಜಿ ಹಾಕಿಲ್ಲ ಎಂದು ಓದಿದ ಮೇಲೆ ತಡೆಯಲಾಗಲಿಲ್ಲ. ಡೀನ್ ಹತ್ತಿರ ಹೋಗಿ ಹಾಳೆ ಕೊಟ್ಟು ಎಲ್ಲ ಹೇಳಿದೆ.

ಅವರು ಓದಿದರು. ತಿರುಗಿಸಿ ಹಿಂಬದಿಯನ್ನೂ ಓದಿದರು. ಆಮೇಲೆ ಕೇಳಿದರು.

“ಈಬನ್, ಇದನ್ನ ಕೊನೇ ತನಕ ಓದಿದ್ಯಾ?”

“ಇಲ್ಲ.”

“ಓದು. ಬೈದಿರೋದು ನಂಗೆ, ನಿಂಗಲ್ಲ.”

ಹಿಂಬದಿಯಲ್ಲಿ ನೀನು ಬರೆದದ್ದನ್ನು ಅವರ ಎದುರೇ ನಿಂತು ಓದಿದೆ. ‘ಹಾಡಿದ ಹುಡುಗನನ್ನು ನಾನು ದೂರುತ್ತಿಲ್ಲ. ಕೆಲಸ ಕೊಟ್ಟವರು ಹಾಡು ಎಂದರೆ ಇಪ್ಪತ್ತಾರು ವರ್ಷದ ಹುಡುಗ ಹಾಡುತ್ತಾನೆ. ಅವನನ್ನು ಊರೆಲ್ಲ ನಗುವುದಕ್ಕೆ ಬಿಟ್ಟು ನೀವು ಬೆಚ್ಚಗೆ ಕೂತಿದ್ದೀರಿ. ಆ ಕೊಳಕ್ಕೆ ನೀವೇ ಬೀಳಬಹುದಿತ್ತು.’ ಡೀನ್ ಎದುರಿಗೇ ಅತ್ತುಬಿಟ್ಟೆ, ದೊಡ್ಡಮ್ಮ.

ಅವರು ನಕ್ಕರು, ಆದರೆ ನಿಯಮ ಬಿಡಲಿಲ್ಲ. ನನ್ನನ್ನು ಸಮಿತಿಯಿಂದ ತೆಗೆದಿದ್ದಾರೆ. ಜೂನ್ ನಂತರ ಕೆಲಸವಿಲ್ಲ. ಅದು ನನ್ನ ಪಾಲಿನದು, ಅದನ್ನು ಬಿಡು. ಕೆಟ್ಟ ಸುದ್ದಿ ಬೇರೆ ಇದೆ. ಫೈಲು ಓದಿದವನ ಸಂಬಂಧಿ ಬರೆದದ್ದು ಯಾವುದೂ ಅದರಲ್ಲಿ ಇರುವಂತಿಲ್ಲ. ಬೈದ ಹಾಳೆ ಹೋಯಿತು, ಜೊತೆಗೆ ಡಿಸೆಂಬರಿನಲ್ಲಿ ನೀನು ಬರೆದಿದ್ದ ಶಿಫಾರಸು ಪತ್ರವೂ ಹೋಯಿತು. ದೊಡ್ಡ ಮಕ್ಕಳಿಗೆ ನಿನ್ನ ಬಿಟ್ಟರೆ ಟೀಚರ್ ಇಲ್ಲ. ಈಗ ಅವಳ ಪರವಾಗಿ ಮಾತಾಡುವ ಒಂದು ಕಾಗದವೂ ಫೈಲಿನಲ್ಲಿಲ್ಲ. ಅವಳನ್ನು ಬಲ್ಲ ಬೇರೆ ಯಾರಾದರೂ ಬರೆದದ್ದು ಮಾರ್ಚ್ ಹದಿನೈದರೊಳಗೆ ಇಲ್ಲಿ ತಲುಪಬೇಕು. ಡೀನ್ ಅವರ ಪತ್ರ ಇದೇ ಅಂಚೆಯಲ್ಲಿ ಕೆಲ್ಸಿಗೆ ಬರುತ್ತದೆ. ಅದಕ್ಕಿಂತ ಮೊದಲು ನೀನೇ ಅವಳಿಗೆ ಹೇಳು.

ಈಬನ್


ಟಾರ್ಬೆಲ್ ದ್ವೀಪ
9 ಮಾರ್ಚ್ 2010

ಈಬನ್,

ನಿನ್ನ ಕಾಗದ ಶನಿವಾರ ಬಂತು. ನಿನ್ನ ತಪ್ಪು ದೊಡ್ಡದೋ ನನ್ನದು ದೊಡ್ಡದೋ ಎಂದು ತೂಗುವುದಕ್ಕೆ ಆಗ ಪುರುಸೊತ್ತಿರಲಿಲ್ಲ. ಈಗ ದೋಣಿ ಹೊರಡಲು ಒಂದು ಗಂಟೆ ಇದೆ, ಬರೆಯುತ್ತೇನೆ.

ಆರ್ವಿಲ್ ಅಂಗಡಿಯಲ್ಲಿ ಅಂದದ್ದು ಇಷ್ಟೇ. “ಥೆಲ್ಮಾ, ನಿಮ್ಮುಡುಗ ಹಿಂಗೇ ಹಿಂದ್‌ಹಿಂದಕ್ಕೆ ನಡೀತಿದ್ರೆ ಬೇಸ್ಗೆಯೊಳ್ಗೆ ಇಲ್ಲಿಗೇ ಬಂದು ಮುಟ್ತಾನೆ.” ಎಲ್ಲರೂ ನಕ್ಕರು. ಸುಮ್ಮನೆ ತಮಾಷೆಗೆ ನಕ್ಕರು ಎಂದು ಇವತ್ತು ಗೊತ್ತಾಗುತ್ತದೆ, ಅವತ್ತು ಗೊತ್ತಾಗಲಿಲ್ಲ. ಮೈಯೆಲ್ಲ ಉರಿದು ಮನೆಗೆ ಬಂದೆ. ವರದಿಯ ಫಾರಂ ಮೇಜಿನ ಮೇಲಿತ್ತು. ಡೀನ್‌ಗೆ ಬೇರೆ ಕಾಗದ ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ, ಆ ಚೌಕದಲ್ಲಿ ಬರೆದದ್ದನ್ನು ಓದಲೇಬೇಕಲ್ಲ ಎಂದುಕೊಂಡೆ. ಅದು ಹುಡುಗಿಯ ಫೈಲಿಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಮೂವತ್ತೆಂಟು ವರ್ಷ ಆ ಫಾರಂ ತುಂಬಿದವಳು ನಾನು. ಗೊತ್ತಿತ್ತು. ಆ ಹೊತ್ತಿಗೆ ಅವಳು ನನಗೆ ನೆನಪೇ ಆಗಲಿಲ್ಲ.

ನಿನ್ನ ಬಗ್ಗೆ ನನಗೆ ನಾಚಿಕೆ ಎಂದುಕೊಂಡೆಯಾ? ಹೆತ್ತವರಿಗೆ ಹೆಗ್ಗಣ ಮುದ್ದು, ಸಾಕಿದವರಿಗೆ ಕೇಳಲೇಬೇಡ. ನಿನ್ನ ಹಾಡು ಚೆನ್ನಾಗಿದೆಯೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಆರು ಸಲ ನೋಡಿದೆ. ಆರು ಸಲವೂ ನಿನ್ನ ಹಿಂದೆ ಮೆಟ್ಟಿಲು ಇದೆಯೇ ಎಂದು ಹೆದರಿಕೊಂಡೇ ನೋಡಿದೆ. ಬಾಯಿಬಿಟ್ಟು ಹೇಳಲಿಲ್ಲ, ಅದು ನನ್ನ ತಪ್ಪು.

ಕೆಲ್ಸಿಯನ್ನು ಶನಿವಾರವೇ ಕರೆಸಿದೆ. ಕೈಗವಸು ಕೂಡ ತೆಗೆಯದೆ ನಿಂತೇ ಕೇಳಿದಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. “ಅಂದ್ರೆ ಟೀಚರ್, ಆ ಪೇಪರ್ನಲ್ಲಿ ನನ್ನದು ಅಂತ ಇದ್ದಿದ್ದು ಹೆಸ್ರು ಮಾತ್ರಾನಾ?” ಹೌದು ಎಂದೆ. ಹೋದಳು. ಸೋಮವಾರ ತರಗತಿಗೆ ಬಂದಳು, ಪಾಠಕ್ಕೆ ಉತ್ತರ ಕೊಟ್ಟಳು, ಬೇರೆ ಒಂದು ಮಾತೂ ಆಡಲಿಲ್ಲ.

ಯಾರು ಬರೆಯಬೇಕು? ಹೊಸ ಟೀಚರ್‌ಗೆ ಅವಳ ಪರಿಚಯವಿಲ್ಲ. ಪಾದ್ರಿ ಬೇಸಿಗೆಯಲ್ಲಿ ಮಾತ್ರ ಬರುತ್ತಾರೆ. ನಾಲ್ಕು ಬೇಸಿಗೆ ಅವಳು ಆರ್ವಿಲ್‌ನ ದೋಣಿಯಲ್ಲಿ ಬೋನು ಎಳೆದಿದ್ದಾಳೆ. ಅವನ ಮನೆ ಬಾಗಿಲಿಗೆ ನಾನೇ ಹೋದೆ. ಜನವರಿಯಿಂದ ಅವನ ಮುಖ ನೋಡಿರಲಿಲ್ಲ, ಹೋಗುವುದು ಸುಲಭವಾಗಿರಲಿಲ್ಲ.

ನಿನ್ನೆ ಸಂಜೆ ಶಾಲೆಗೆ ಬಂದು ಚಿಕ್ಕ ಮಕ್ಕಳ ಬೆಂಚಿನಲ್ಲಿ ಮಂಡಿ ಮೇಲಕ್ಕೆತ್ತಿ ಕೂತು ಎರಡು ಗಂಟೆ ಬರೆದ. ಆರು ಸಾಲು. ತಿದ್ದಿ ಕೊಡಿ ಎಂದ. ನಾನು ಮುಟ್ಟುವಂತಿಲ್ಲ ಎಂದು ಗೋಡೆ ಕಡೆ ತಿರುಗಿದೆ. “ಮುಟ್ಟಿದ್ರೆ ತಾನೆ ತಪ್ಪು, ಕೇಳುದ್ರೆ ಏನಂತೆ” ಎಂದು ನನ್ನ ಬೆನ್ನಿಗೇ ಓದಿದ. “ಎರಡ್ ವರ್ಷದ ಹಿಂದೆ ನನ್ ಕಾಲು ಬೋನಿನ ಹಗ್ಗಕ್ಕೆ ಸಿಕ್ಕಿ ನೀರಿಗೆ ಎಳ್ಕೊಂಡೋಗ್ತಿತ್ತು. ಈ ಹುಡ್ಗಿ ಕೂಗ್ಲಿಲ್ಲ. ಎಂಜಿನ್ ನಿಲ್ಸಿ ಹಗ್ಗ ಕಡಿದ್ಳು. ಆಮೇಲೆ ಅಷ್ಟು ಬೋನು ಹೋಯ್ತಲ್ಲ ಅಂತ ನನ್ ಹತ್ರ ಕ್ಷಮೆ ಕೇಳಿದ್ಳು. ನಿಮ್ ಕಾಲೇಜ್ನಲ್ಲಿ ಏನ್ ಕಲಿಸ್ತೀರೋ ನಂಗೊತ್ತಿಲ್ಲ. ಇಂಥೋರು ನಿಮ್ಗೆ ಬೇಕೋ ಬೇಡ್ವೋ ನೀವೇ ನೋಡಿ.” ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಅವಳ ಬಗ್ಗೆ ಎರಡು ಪುಟ ಶಿಫಾರಸು ಬರೆದವಳು ನಾನು.

ಲಕೋಟೆಯನ್ನು ಅವನೇ ಅಂಟಿಸಿದ, ಅವನೇ ದೋಣಿಗೆ ಕೊಡುತ್ತಾನೆ. ಗಾಳಿ ಏಳುತ್ತಿದೆ. ಇವತ್ತು ಹೊರಡದಿದ್ದರೆ ಇನ್ನು ಶನಿವಾರವೇ.

ದೊಡ್ಡಮ್ಮ


ಥಾರ್ನ್‌ಬರಿ
30 ಮಾರ್ಚ್ 2010

ಪ್ರೀತಿಯ ದೊಡ್ಡಮ್ಮ,

ಆರ್ವಿಲ್ ಬರೆದ ಕಾಗದ ಹನ್ನೆರಡನೇ ತಾರೀಕಿಗೇ ತಲುಪಿತು ಎಂದು ಡೀನ್ ಹೇಳಿದರು. ಅಷ್ಟೇ ಹೇಳಿದರು. ಸಮಿತಿಯ ಕೋಣೆಯ ಬಾಗಿಲಿಗೆ, ಒಳಗೆ ಬರಬಾರದವರು ಎಂದು ಒಂದು ಚೀಟಿ ಅಂಟಿಸಿದ್ದಾರೆ. ಅದರಲ್ಲಿರುವುದು ಒಂದೇ ಹೆಸರು.

ಅರ್ಜಿಗಳು ಹೋದ ವರ್ಷಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಷ್ಟೆಲ್ಲ ಬೈಗುಳ, ಇಷ್ಟೆಲ್ಲ ಭಯ, ಕೊನೆಗೆ ಆದದ್ದು ಏನೂ ಇಲ್ಲ. ನನ್ನನ್ನು ಕ್ಯಾಂಪಸ್ ತೋರಿಸುವ ಕೆಲಸಕ್ಕೆ ಹಾಕಿದ್ದಾರೆ. ದಿನಕ್ಕೆ ಮೂರು ಸಲ ಹಿಂದೆ ಹಿಂದೆ ನಡೆಯುತ್ತೇನೆ. ಹಾಡಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಗಂಟಲು ಸರಿಯಿಲ್ಲ ಎನ್ನುತ್ತೇನೆ.

ಇವತ್ತು ಬೆಳಿಗ್ಗೆ ಲಕೋಟೆಗಳು ಹೊರಟವು. ಸೀಟು ಸಿಕ್ಕವರ ದಪ್ಪದವು ಒಂದು ಚೀಲಕ್ಕೆ, ಸಿಗದವರ ತೆಳುವಾದವು ಮೂರು ಚೀಲಕ್ಕೆ. ಮೇನ್‌ನ ಕಟ್ಟು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮುಖ ತಿರುಗಿಸಿ ಹೊರಗೆ ಹೋದೆ. ಒಳ್ಳೆಯವನಾದೆ ಅಂತಲ್ಲ, ನೋಡುವ ಧೈರ್ಯ ಇರಲಿಲ್ಲ. ಅವಳು ಇನ್ನೂ ಮಾತಾಡುತ್ತಿಲ್ಲವೆ?

ಈಬನ್


ಟಾರ್ಬೆಲ್ ದ್ವೀಪ
5 ಏಪ್ರಿಲ್ 2010

ಪ್ರೀತಿಯ ಈಬನ್,

ಶನಿವಾರದ ದೋಣಿ ಹನ್ನೊಂದಕ್ಕೆ ಬಂತು. ನಾನು ಬಂದರಿಗೆ ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ. ಕಿಟಕಿಯ ಹತ್ತಿರ ಕೂತು ಮಕ್ಕಳ ಪ್ರಬಂಧ ತಿದ್ದುತ್ತಿದ್ದೆ, ಒಂದೇ ಪುಟವನ್ನು ನಾಲ್ಕು ಸಲ ತಿದ್ದಿದ್ದೇನೆ. ಹನ್ನೆರಡಾಯಿತು. ಯಾರೂ ಬರಲಿಲ್ಲ. ಒಂದಾಯಿತು. ಒಳ್ಳೆ ಸುದ್ದಿಯಾಗಿದ್ದರೆ ಇಷ್ಟು ಹೊತ್ತಿಗೆ ಊರೆಲ್ಲ ಕೂಗುತ್ತಿತ್ತು, ಹುಡುಗಿಯ ಬಾಳು ಹಾಳು ಮಾಡಿದೆ ಎಂದು ಕೂತಲ್ಲೇ ಕೂತೆ. ಆಮೇಲೆ ಗೊತ್ತಾಯಿತು, ಅವಳು ಮೊದಲು ಆರ್ವಿಲ್ ಮನೆಗೆ ಹೋಗಿದ್ದಳು. ಅದೇ ಸರಿ.

ಎರಡು ಗಂಟೆಗೆ ಬಾಗಿಲು ತಟ್ಟಿದಳು. ಕೈಯಲ್ಲಿ ದಪ್ಪ ಲಕೋಟೆ. ಸಿಕ್ಕಿದೆ, ಈಬನ್. ಸೆಪ್ಟೆಂಬರಿಗೆ ಹೋಗುತ್ತಾಳೆ.

ಒಳಗೆ ಬಾ ಎಂದೆ, ಬರಲಿಲ್ಲ. ಹೊಸಿಲ ಆಚೆಯೇ ನಿಂತಳು. ನಾನು ಕ್ಷಮೆ ಕೇಳಲು ಬಾಯಿ ತೆಗೆದೆ, ಬೇಡ ಎಂದು ತಲೆಯಾಡಿಸಿದಳು. ಲಕೋಟೆಯ ಒಳಗಿನಿಂದ ಒಂದು ಫಾರಂ ತೆಗೆದು ನನ್ನ ಕೈಗಿಟ್ಟಳು. ಶಾಲೆಯಿಂದ ಕಳಿಸಬೇಕಾದ ಕೊನೆಯ ವರದಿ, ಜೂನಿನಲ್ಲಿ ತುಂಬಬೇಕಾದದ್ದು. ಈಗ ನೀನು ಸಮಿತಿಯಲ್ಲಿ ಇಲ್ಲವಾದ್ದರಿಂದ ಅದನ್ನು ನಾನೇ ತುಂಬಬಹುದಂತೆ, ಡೀನ್ ಅಂಚಿನಲ್ಲಿ ತಮ್ಮ ಕೈಯಾರೆ ಬರೆದಿದ್ದಾರೆ.

“ಟೀಚರ್,” ಎಂದಳು, “ಇದ್ರಲ್ಲಾದ್ರೂ ನನ್ ಬಗ್ಗೆ ಬರೀರಿ.”

ಅಷ್ಟು ಹೇಳಿ ಇಳಿದು ಹೋದಳು. ಜೂನಿಗೆ ಎರಡು ತಿಂಗಳಿದೆ. ಫಾರಂ ಮೇಜಿನ ಮೇಲಿದೆ. ಎರಡು ದಿನದಿಂದ ಎದುರಿಗಿಟ್ಟುಕೊಂಡು ಕೂತಿದ್ದೇನೆ, ಹುಡುಗಿಯ ಬಗ್ಗೆ ನನಗೆ ನಿಜವಾಗಿ ಏನು ಗೊತ್ತು ಎಂದು ಯೋಚಿಸುತ್ತಾ. ಇನ್ನೂ ಒಂದು ಸಾಲು ಬರೆದಿಲ್ಲ.

ನಿನ್ನ ದೊಡ್ಡಮ್ಮ